ಆತುರವಿಲ್ಲದ ಗಿರಾಕಿ

ಕೀ ಅಂಗಡಿ
ಬುಧವಾರ, ಮಾರ್ಚ್ ೧೦, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ನೋವು ನಿಜವಾಗಿ ಕಡಿಮೆಯಾಯಿತೋ, ಇಲ್ಲಾ ನನ್ನ ಬಾಯಿಗೆ ಹೆದರಿ ಕಡಿಮೆ ಎನ್ನುತ್ತಿದ್ದೀಯೋ? ಸೀಟಿನಲ್ಲಿ ಬೆನ್ನಿಗೆ ಇಟ್ಟುಕೋ ಎಂದು ಕೊಟ್ಟ ದಿಂಬನ್ನು ನೀನು ತಲೆಗೆ ಇಟ್ಟುಕೊಂಡು ಮಲಗುತ್ತೀ ಎಂದು ನಿನ್ನ ಹೆಂಡತಿ ಚಾಡಿ ಹೇಳಿದಳು. ಅವಳು ಚೆನ್ನಾಗಿದ್ದಾಳೆ. ಮಗಳಿಗೆ ಜ್ವರ ಬಿಟ್ಟಿದೆ, ಈಗ ನಡೆಯಲು ಕಲಿತು ಮನೆಯವರನ್ನೆಲ್ಲ ಓಡಾಡಿಸುತ್ತಿದ್ದಾಳೆ. ಮೊನ್ನೆ ಅಂಗಡಿಗೆ ಬಂದವಳು ನನ್ನ ಹಿತ್ತಾಳೆ ಚೂರಿನ ಡಬ್ಬಿಯನ್ನು ಬೋರಲು ಹಾಕಿದಳು; ಗದರಿದರೆ ನನ್ನನ್ನೇ ಗುರಾಯಿಸಿದಳು. ಥೇಟ್ ನೀನೇ. ನಿನ್ನನ್ನು ಎತ್ತಿ ಆಡಿಸಿದ್ದು ಸಾಲದೆಂದು ನಿನ್ನ ಮರಿಯನ್ನೂ ಸಾಕುವ ಯೋಗ ನನಗೆ. ನನ್ನ ಆರೋಗ್ಯಕ್ಕೇನೂ ಬಂದಿಲ್ಲ, ಎರಡು ದಿನದಿಂದ ಊಟ ಸೇರುತ್ತಿಲ್ಲ, ಅಷ್ಟೇ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ, ಅಕ್ಕ ಯಾಕೆ ಕಾಗದ ಹಿಡಿದು ಕೂತಳು ಎನ್ನುತ್ತೀಯ. ಸ್ವಂತ ಫೋನನ್ನು ನೀರಿನ ತೊಟ್ಟಿಗೆ ಬೀಳಿಸಿಕೊಂಡ ಮಹಾಶಯ ನೀನು. ಉಳಿದದ್ದು ಕಂಪನಿಯವರು ಗಾಡಿಗೆ ಕೂರಿಸಿರುವ ಫೋನು. ಅದರಲ್ಲಿ ಆಡಿದ ಮಾತೆಲ್ಲ ಆಫೀಸಿನವರ ಕಿವಿಗೆ ಬೀಳುತ್ತದೆ ಎಂದು ನೀನೇ ಹೇಳಿದ್ದೆ. ಹೆದ್ದಾರಿಯ ಪಂಕ್ಚರ್ ಅಂಗಡಿಯ ಅಜ್ಜನಿಗೆ ಫೋನ್ ಮಾಡಿ ಹೇಳೋಣವೆಂದರೆ ಅವರಿಗೆ ಕಿವಿ ಮಂದ, ಅವರ ಕಿವಿಗೆ ಮುಟ್ಟುವಷ್ಟರಲ್ಲಿ ಅಲ್ಲಿ ನಿಂತ ಲಾರಿಯವರಿಗೆಲ್ಲ ಮುಟ್ಟಿರುತ್ತದೆ. ನಾಳೆ ಮಧ್ಯಾಹ್ನ ನೀನು ಗಾಳಿ ಹಾಕಿಸಲು ಅಲ್ಲಿ ನಿಲ್ಲುತ್ತೀ ಎನ್ನುವುದನ್ನಷ್ಟೇ ಅವರಿಂದ ಕೂಗಿ ಕೂಗಿ ತಿಳಿದುಕೊಂಡೆ. ಈ ಕಾಗದ ಇವತ್ತು ಸಂಜೆಯ ಬಸ್ಸಿನಲ್ಲಿ ಹೊರಟು ನಿನಗಿಂತ ಮೊದಲು ಅಜ್ಜನ ಕೈ ಸೇರುತ್ತದೆ. ಗಾಡಿಯೊಳಗೆ ಕೂತು ಓದಬೇಡ. ಅಂಗಡಿಯ ಒಳಗೆ ಹೋಗಿ ಓದು, ಪೂರ್ತಿ ಓದು.

ಕೀ ಕಳೆದುಕೊಂಡ ಲಾರಿಯವರು ಹೇಗಿರುತ್ತಾರೆಂದು ನಿನಗೇನು ಹೊಸದಾಗಿ ಹೇಳಬೇಕೆ? ಗಾಡಿ ಯಾವುದೋ ಗೇಟಿಗೆ ಅಡ್ಡ ನಿಂತಿರುತ್ತದೆ, ಹಿಂದಿನವರು ಹಾರ್ನ್ ಒತ್ತುತ್ತಿರುತ್ತಾರೆ, ಒಳಗೆ ತರಕಾರಿ ಬಾಡುತ್ತಿರುತ್ತದೆ, ಮಾಲೀಕ ಫೋನಿನಲ್ಲಿ ಜನ್ಮ ಜಾಲಾಡುತ್ತಿರುತ್ತಾನೆ. ಡ್ರೈವರ್ ನೋಡಿದ ಜೇಬನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತಾ, ‘ಬೇಗ ಅಕ್ಕಾ, ಈಗ್ಲೇ ಬನ್ನಿ ಅಕ್ಕಾ’ ಎಂದು ಪ್ರಾಣ ಹಿಂಡುತ್ತಾನೆ. ನಾನು ಚೀಲ ಹೊತ್ತುಕೊಂಡು ಹೋಗಿ, ಬಾಗಿಲಿನ ಬೀಗ ಬಿಚ್ಚಿ, ಒಳಗಿನ ಹಲ್ಲು ನೋಡಿ, ಹೊಸ ಕೀ ಕೊರೆದು, ಇಂಜಿನ್ ಶುರುವಾಗುವವರೆಗೆ ಅವನು ನಿಂತಲ್ಲಿ ನಿಲ್ಲುವುದಿಲ್ಲ. ಇಷ್ಟು ವರ್ಷದಲ್ಲಿ ಕೀ ಕಳೆದುಕೊಂಡೂ ಆರಾಮಾಗಿದ್ದ ಒಬ್ಬನನ್ನೂ ನಾನು ನೋಡಿಲ್ಲ. ನಿಮ್ಮ ಕಂಪನಿಯವನನ್ನು ಬಿಟ್ಟು.

ನಮ್ಮ ಕಡೆಯ ಶೆಡ್ಡಿನ ಆಫೀಸಿನಲ್ಲಿ ಒಬ್ಬನಿದ್ದಾನೆ, ನೀನು ನೋಡಿರಲಿಕ್ಕಿಲ್ಲ. ಎಷ್ಟು ಹೊತ್ತಿಗೆ ಬಂದರೂ ಅಂಗಿಯ ಮಡಿಕೆ ಕೆಟ್ಟಿರುವುದಿಲ್ಲ. ನಾನು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದೇನೆ. ನಿಮ್ಮ ಗಾಡಿಗಳೆಲ್ಲ ಹಳೆಯವು, ಕೀಯಲ್ಲಿ ಚಿಪ್ ಗಿಪ್ ಇಲ್ಲ, ಬೀಗದ ನಂಬರ್ ಕೊಟ್ಟರೆ ಗಾಡಿಯನ್ನು ನೋಡದೆಯೇ ಕೀ ಕೊರೆಯಬಹುದು. ಹೋದ ಮಳೆಗಾಲದಲ್ಲಿ ಅವನು ಹಾಗೆಯೇ ಗಾಡಿಯ ನಂಬರ್, ಬೀಗದ ನಂಬರ್ ಎರಡೂ ಬರೆದ ಚೀಟಿ ತಂದ. ಡ್ರೈವರ್ ಕೀ ಕಳೆದಿದ್ದಾನೆ ಎಂದ. ಕಂಪನಿಯ ಮನುಷ್ಯನಲ್ಲವೆ ಎಂದು ಮಾಡಿಕೊಟ್ಟೆ. ಸ್ವಲ್ಪ ದಿನಕ್ಕೆ ಆ ಗಾಡಿ, ತಾಮ್ರದ ತಂತಿ ತುಂಬಿದ್ದು, ಊಟಕ್ಕೆ ನಿಲ್ಲಿಸಿದ ಕಡೆಯಿಂದ ಮಾಯವಾಯಿತು. ಡ್ರೈವರ್ ಊಟದ ಮುಂದೆ ಕೂತಿದ್ದ, ಬಚಾವಾದ. ಅವನದೇ ಕೈವಾಡ ಎಂದು ಕೆಲಸದಿಂದ ಕಿತ್ತರು. ಆಮೇಲೆ ಇಸ್ತ್ರಿ ತಂದ ನಂಬರ್ ನಮ್ಮ ಸೀಟಿ ಅಣ್ಣನ ಗಾಡಿಯದು, ದಾರಿಯುದ್ದ ಸೀಟಿ ಹೊಡೆಯುತ್ತಾ ನಿನಗೆ ರಿವರ್ಸ್ ಹಾಕಲು ಕಲಿಸಿದ ಅದೇ ಸೀಟಿ ಅಣ್ಣ. ಅದಕ್ಕೂ ಕೀ ಮಾಡಿಕೊಟ್ಟೆ. ಔಷಧಿ ಪೆಟ್ಟಿಗೆಗಳ ಲೋಡು. ಅಣ್ಣ ಕ್ಯಾಬಿನ್ನಿನಲ್ಲೇ ಮಲಗಿದ್ದರು. ಗಾಡಿ ಖಾಲಿಯಾಗಿ ಸಿಕ್ಕಿತು, ಅಣ್ಣ ಇವತ್ತಿಗೂ ಸಿಕ್ಕಿಲ್ಲ. ಮಾಲು ಮಾರಿಕೊಂಡು ಓಡಿಹೋದ ಎಂದು ಕಂಪನಿ ಹೇಳಿತು. ನೀನೂ ನಂಬಿದೆ, ನಾನೂ ನಂಬಿದೆ.

ಹೋದ ವಾರ ಅಣ್ಣನ ಹೆಂಡತಿ ಬಂದಿದ್ದರು. ಮನೆಯ ಬೀರುವಿನ ಕೀ ಅಣ್ಣನ ಗೊಂಚಲಿನಲ್ಲೇ ಹೋಯಿತಂತೆ, ಬೀಗ ಬಿಚ್ಚಿಸಿ ತಂದಿದ್ದರು, ಹೊಸ ಕೀ ಮಾಡಿಕೊಡಬೇಕಿತ್ತು. ಮಾತಿಗೆ ಮಾತು ಬಂದು, ಗಾಡಿ ಕೀ ಕೂಡ ಒಂದು ಸಲ ಕಳೆದಿದ್ದರಲ್ಲ ಎಂದೆ. ಆಕೆ ನನ್ನ ಮುಖವನ್ನೇ ನೋಡಿದರು. ‘ಅವರಾ? ಕೀ ಕಳೆದ್ರಾ? ಮನೇಗ್ ಬಂದ್ರೂ ಬೆಲ್ಟಿನ ಸರಪಳಿ ಬಿಚ್ತಿರ್ಲಿಲ್ಲ ಕಣಮ್ಮ. ಕೊನೇ ಸಲ ಹೋಗೋವಾಗ್ಲೂ ಕೀ ಅದರಲ್ಲೇ ಇತ್ತು, ನಾನೇ ಕಣ್ಣಾರೆ ನೋಡಿದೀನಿ’ ಎಂದರು. ನನ್ನ ಕೈಯಲ್ಲಿದ್ದ ಅರ ಹಾಗೇ ನಿಂತಿತು. ಕಳೆಯದ ಕೀಗೆ ಯಾರಾದರೂ ಬದಲಿ ಕೀ ಮಾಡಿಸುತ್ತಾರೆಯೇ? ಒಳಗೆ ಮಲಗಿದ್ದ ಮನುಷ್ಯನ ಬಾಗಿಲನ್ನು ಸದ್ದಿಲ್ಲದೆ ತೆಗೆಯಲು ನಾನು ಕೀ ಕೊರೆದುಕೊಟ್ಟಿದ್ದೆ. ಬೀರುವಿನ ಕೀ ಮಾಡಿಕೊಟ್ಟು ಆಕೆಯನ್ನು ಕಳಿಸಿದೆ.

ಈಗ ಮುಖ್ಯ ಮಾತು. ನಿನ್ನೆ ಇಸ್ತ್ರಿ ಮತ್ತೆ ಬಂದ. ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ನಿನ್ನ ಗಾಡಿಯ ನಂಬರ್.

ಮುಖ ಕಲ್ಲು ಮಾಡಿಕೊಂಡು, ಗಾಡಿ ಎಲ್ಲಿದೆ ಎಂದು ಕೇಳಿದೆ. ‘ಶೆಡ್ಡಲ್ಲೇ ನಿಂತಿದೆ ಅಕ್ಕ, ಡ್ರೈವರ್ ಕೀ ಕಳ್ಕೊಂಡ. ಎಂಥೆಂಥಾ ಜನ ನೋಡಿ’ ಎಂದ. ಬೆಳಿಗ್ಗೆ ತಾನೇ ನೀನು ಅದೇ ಗಾಡಿ ಓಡಿಸುತ್ತಾ ಹೆಂಡತಿಗೆ ಫೋನ್ ಮಾಡಿದ್ದೆ, ಲೋಡಿಗೆ ಸೀಲ್ ಹಾಕಿದ್ದಾರೆ, ಒಳಗೇನಿದೆಯೋ ಗೊತ್ತಿಲ್ಲ ಎಂದಿದ್ದೆ. ನೀನು ಸೇರಿದ್ದು ಬೇರೆ ಊರಿನ ಶೆಡ್ಡಿಗಾದ್ದರಿಂದ ನಾವು ಅಕ್ಕ ತಮ್ಮ ಎಂದು ಅವನಿಗೆ ಗೊತ್ತಿಲ್ಲ, ನಾನೂ ಬಾಯಿಬಿಡಲಿಲ್ಲ. ಆ ಅಚ್ಚಿನ, ಹಲ್ಲು ಕೊರೆಯದ ಖಾಲಿ ಕೀ ಮುಗಿದಿದೆ, ತರಿಸಬೇಕು, ಶುಕ್ರವಾರ ಬನ್ನಿ ಎಂದೆ. ಡಬ್ಬಿ ತುಂಬ ಇದ್ದವು, ಅವನ ಮೊಣಕೈ ಪಕ್ಕದಲ್ಲೇ. ‘ಆಯ್ತು, ನಿಧಾನಕ್ಕೇ ಮಾಡಿ’ ಎಂದು ಟೀ ತರಿಸಿಕೊಂಡು ಕುಡಿದು, ಲೋಟವನ್ನು ನೀಟಾಗಿ ಪಕ್ಕಕ್ಕಿಟ್ಟು ಹೋದ. ಆ ನಿಧಾನ ನೋಡಿದ ಮೇಲೆ ನಾನು ಅಂಗಡಿ ಮುಚ್ಚಿಬಿಟ್ಟೆ.

ಇವತ್ತು ಬೆಳಿಗ್ಗೆ ಅಂಗಡಿ ತೆಗೆಯದೆ ನೇರ ಪೊಲೀಸ್ ಠಾಣೆಗೆ ಹೋದೆ. ಎರಡು ಹಳೆಯ ಕೀಗಳದ್ದು, ನಿನ್ನ ಗಾಡಿಯದು, ಎಲ್ಲ ಬಿಡಿಸಿ ಹೇಳಿದೆ. ಮೇಜಿನ ಹಿಂದೆ ಕೂತಿದ್ದವರು ಆಕಳಿಸಿ, ‘ಇನ್ನೂ ಕಳುವಾಗದೇ ಇರೋ ಲಾರಿಗೆ ಏನಂತ ಕಂಪ್ಲೇಂಟ್ ಬರ್ಕೊಳ್ಳಲಮ್ಮ?’ ಎಂದರು. ನನಗೆ ರೇಗಿಹೋಯಿತು. ಅದರಲ್ಲಿ ಮಲಗುವವನು ನನ್ನ ಒಡಹುಟ್ಟಿದ ತಮ್ಮ, ಅವನು ಕಳುವಾದ ಮೇಲೆ ಬರಲೇ ಎಂದೆ. ಆಗ ಅವರು ನೆಟ್ಟಗೆ ಕೂತರು. ನನಗೂ ಕುರ್ಚಿ ಹಾಕಿಸಿದರು. ನಿನ್ನ ಹೆಸರು, ನೀನು ಎಲ್ಲೆಲ್ಲಿ ನಿಲ್ಲುತ್ತೀ, ಎಲ್ಲಿ ಮಲಗುತ್ತೀ ಎಲ್ಲ ಕೇಳಿ ತಿಳಿದುಕೊಂಡರು. ಟೋಲ್ ದಾಟಿದ ಮೇಲೆ ಸಿಗುವ ಪೊಲೀಸ್ ಔಟ್‌ಪೋಸ್ಟಿಗೆ ಹೇಳಿಡುತ್ತೇನೆ, ನಿಮ್ಮ ತಮ್ಮ ಗಾಡಿಯನ್ನು ಅದರ ಮುಂದೆಯೇ ನಿಲ್ಲಿಸಲಿ ಎಂದರು. ಒಳ್ಳೆಯ ಮನುಷ್ಯ ಎನಿಸಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಸ್ವಲ್ಪ ಅತ್ತೆ, ಸಮಾಧಾನಕ್ಕೇ ಅತ್ತದ್ದು.

ಆದ್ದರಿಂದ ನೀನು ಮಾಡಬೇಕಾದದ್ದು ಇಷ್ಟು. ಅಜ್ಜನಲ್ಲಿಂದ ಹೊರಟವನು ಎಲ್ಲೂ ನಿಲ್ಲಿಸದೆ ಔಟ್‌ಪೋಸ್ಟಿಗೆ ಹೋಗು. ಗಾಡಿ ಅದರ ಮುಂದೆ ಹಾಕಿ, ನಿನ್ನ ಹೆಸರು ಹೇಳು. ಶುಕ್ರವಾರದವರೆಗೆ ಅವರ ಹತ್ತಿರ ಕೀ ಇರುವುದಿಲ್ಲ, ಅಷ್ಟು ಸಮಯ ನಮ್ಮ ಕೈಯಲ್ಲಿದೆ. ಹೀರೋಗಿರಿ ಬೇಡ. ಸ್ಪ್ಯಾನರ್ ಹಿಡಿದು ಕಾಯುತ್ತೇನೆ ಎಂದೆಲ್ಲ ಹೊರಟರೆ ನನ್ನ ಆಣೆ. ಜಿರಳೆಗೆ ಹೆದರಿ ನನ್ನ ಹಾಸಿಗೆಗೆ ಹಾರುತ್ತಿದ್ದವನು ನೀನು, ನನ್ನ ಮುಂದೆ ಧೈರ್ಯ ತೋರಿಸಬೇಡ.

ನಿನ್ನ ಹೆಂಡತಿಗೆ ನಾನಿನ್ನೂ ಏನೂ ಹೇಳಿಲ್ಲ. ಮಗಳು ನಿನ್ನ ಫೋಟೋ ತೋರಿಸಿದರೆ ಹಾರ್ನ್ ಸದ್ದು ಮಾಡುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಮೈಯೆಲ್ಲ ಕಣ್ಣಾಗಿರು. ನನ್ನ ಆಯಸ್ಸಿನಲ್ಲಿ ಅರ್ಧ ನಿನಗಿರಲಿ, ನೂರು ಕಾಲ ಬಾಳು ಕಂದ. ಪಂಕ್ಚರ್ ಅಜ್ಜನಿಗೆ ನನ್ನ ನಮಸ್ಕಾರ ಹೇಳು, ಜೋರಾಗಿ ಹೇಳು.

ಇಂತಿ,
ನಿನ್ನ ದಾರಿ ಕಾಯುವ
ಅಕ್ಕ

ತಾಜಾ ಕಲಂ: ಬಸ್ಸಿನ ಪಕ್ಕ ನಿಂತು ಬರೆಯುತ್ತಿದ್ದೇನೆ, ಕಂಡಕ್ಟರ್ ಅವಸರ ಮಾಡುತ್ತಿದ್ದಾನೆ. ನಾನು ಅಂಗಡಿಗೆ ಬೀಗ ಹಾಕುವಾಗ ಇಸ್ತ್ರಿ ಬಂದಿದ್ದ. ಕೀ ಬೇಡವಂತೆ. ‘ಸಿಕ್ತು ಬಿಡಿ ಅಕ್ಕ. ನಿಮ್ಮ ತಮ್ಮನ ಹತ್ರಾನೇ ಇದೆಯಲ್ಲ’ ಎಂದು ನಕ್ಕ. ನೀನು ನನ್ನ ತಮ್ಮ ಎಂದು ನಾನು ಬಾಯಿಬಿಟ್ಟದ್ದು ಒಂದೇ ಕಡೆ, ಠಾಣೆಯಲ್ಲಿ. ಔಟ್‌ಪೋಸ್ಟಿಗೆ ಹೋಗಬೇಡ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಪುರುಸೊತ್ತಿಲ್ಲ, ಹೋಗಬೇಡ. ಅಜ್ಜನ ಅಂಗಡಿಯ ಹಿಂಬಾಗಿಲಿನಿಂದ ಇಳಿದು ಸಿಕ್ಕಿದ ಬಸ್ಸು ಹತ್ತು. ಮನೆಗೂ ಬರಬೇಡ, ನಿನ್ನ ಹೆಂಡತಿ ಮಗಳನ್ನು ಕರೆದುಕೊಂಡು ನಾನು ಈಗಲೇ ಹೊರಡುತ್ತೇನೆ, ಎಲ್ಲಿಗೆ ಎಂದು ನಿನಗೆ ಗೊತ್ತು. ಕೀಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡ, ಗಾಡಿಯಲ್ಲೇ ಬಿಡು, ಬಾಗಿಲೂ ತೆಗೆದಿಡು. ಅವರಿಗೆ ಗಾಡಿ ಸಿಗಲಿ. ನೀನು ಸಿಗಬೇಡ.