ಪರದೆಯ ಹಗ್ಗ

ಜನವರಿ 11, ಶನಿವಾರ. ಬೆಳಿಗ್ಗೆ

ಖರ್ಚು ಮೊದಲು. ನಾಟಕದ ಕ್ಲಾಸಿನ ಫೀಸು — ಎರಡು ಹೊಸ ಟೈರಿನ ಬೆಲೆ. ಮಗಳಿಗೆ ಕಪ್ಪು ಪ್ಯಾಂಟು — ಒಂದು ಜೊತೆ ವೈಪರಿನ ಬೆಲೆ. ಶನಿವಾರ ಬೆಳಿಗ್ಗೆ ಬಾಗಿಲು ಹಾಕಿದ ಅಂಗಡಿ ನೋಡಿ ವಾಪಸು ಹೋಗುವ ಗಿರಾಕಿ — ಅದಕ್ಕೆ ಬೆಲೆ ಕಟ್ಟಲಾರೆ. ಹಳೆ ಕಾರು ಮಾರುವವನಿಗೆ ಶನಿವಾರವೇ ಸುಗ್ಗಿ.

ಶಾಲೆಯ ಹೆಡ್ ಮೇಡಂ ಹೋದ ವಾರ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. "ಮನೇಲಿ ಅರಳು ಹುರಿದ ಹಾಗೆ ಮಾತಾಡ್ತಾಳೆ ಅಂತೀರಿ. ಇಲ್ಲಿ ಎರಡು ವರ್ಷದಿಂದ ಅವಳ ದನೀನೇ ಯಾರೂ ಕೇಳಿಲ್ಲ. ಏಪ್ರಿಲಲ್ಲಿ ಮೌಖಿಕ ಪರೀಕ್ಷೆ ಇದೆ. ಆಗಲೂ ಹೀಗೇ ನಿಂತರೆ ಬೇರೆ ಶಾಲೆ ನೋಡ್ಕೊಳ್ಳಿ." ವಾಪಸು ಬರುವ ದಾರಿಯುದ್ದಕ್ಕೂ ಹೆಂಡತಿಯ ಮುಖ ಕಾರಿನ ಕಿಟಕಿಯ ಕಡೆ.

ನಾಟಕಕ್ಕೆ ಹಾಕಿ ನೋಡಿ ಎಂದದ್ದು ಮಕ್ಕಳ ಡಾಕ್ಟರು. ಈಜು ಬಾರದವಳನ್ನು ನಡುನೀರಿಗೆ ತಳ್ಳಿದ ಹಾಗೆ. ಆದರೂ ದುಡ್ಡು ಕಟ್ಟಿದೆ.

ಅದೇ ದಿನ, ಮಧ್ಯಾಹ್ನ

ನಾಟಕದ ಮೇಡಂ ನೆಲದ ಮೇಲೆ ಕೂತು ಮಗಳನ್ನು ಕೇಳಿದರು, ಹೆಸರೇನಮ್ಮ. ನಾನು ಹೇಳಿದೆ. ವಯಸ್ಸು? ಎಂಟು ಎಂದೆ. ಯಾವ ಬಣ್ಣ ಇಷ್ಟ? ಹಸಿರು ಎಂದೆ.

"ಸಾರ್, ನಿಮ್ಮನ್ನ ಸೇರಿಸ್ಕೊಳ್ಳೋಕಾಗಲ್ಲ," ಎಂದರು. "ಹತ್ತು ವರ್ಷದ ಒಳಗಿನವರಿಗೆ ಮಾತ್ರ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಒಂದು ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಜನವರಿ 25, ಶನಿವಾರ

ಕ್ಲಾಸಿನಲ್ಲಿ ಯಾರೂ ಮಾತಾಡುವ ಹಾಗಿಲ್ಲವಂತೆ. ಖಾಲಿ ಬಕೆಟ್ಟು ಹಿಡಿದು, ತುಂಬಿದ ಬಕೆಟ್ಟು ಹೊತ್ತವರ ಹಾಗೆ ನಡೆಯಬೇಕು. ಇಡೀ ಬೆಳಿಗ್ಗೆ ಇದೇ.

"ಮೇಡಂ, ಸುಮ್ಮನಿರೋದು ಅವಳಿಗೆ ಹೊಸದಾಗಿ ಕಲಿಸ್ಬೇಕಾ?"

"ಅವಳ ಹೆಗಲು ನೋಡಿ."

ನೋಡಿದೆ. ಉಳಿದ ಮಕ್ಕಳು ಬಕೆಟ್ಟು ಬೀಸಿಕೊಂಡು ಹೊರಟಿದ್ದರು. ನನ್ನ ಮಗಳ ಒಂದು ಹೆಗಲು ಇಳಿದಿತ್ತು, ಇನ್ನೊಂದು ಕೈ ಹೊರಕ್ಕೆ ಚಾಚಿತ್ತು. ನೀರು ಕಾಲ ಮೇಲೆ ಚೆಲ್ಲಿದಾಗ ಬೆಚ್ಚಿದಳು. ಇಲ್ಲದ ನೀರು... ನನ್ನ ಪಾದ ನಾನೂ ಹಿಂದಕ್ಕೆಳೆದುಕೊಂಡೆ.

ಫೆಬ್ರವರಿ 15, ಶನಿವಾರ

ಮಕ್ಕಳೇ ಸೇರಿ ಒಂದು ನಾಟಕ ಕಟ್ಟಿದ್ದಾರೆ. ಮಗಳು ಊರಬಾಗಿಲ ಕಾವಲುಗಾರ. ಬಂದವರೆಲ್ಲ ಒಳಗೆ ಬಿಡು ಎಂದು ಬೇಡುತ್ತಾರೆ, ಬೈಯುತ್ತಾರೆ, ಲಂಚ ತೋರಿಸುತ್ತಾರೆ. ಕಾವಲುಗಾರ ತುಟಿಪಿಟಕ್ಕೆನ್ನುವುದಿಲ್ಲ. ಕೊನೆಗೆ ಒಂದೇ ಮಾತು — "ಬಾಗಿಲಿಗೆ ಬೀಗ ಇಲ್ಲ. ಯಾರೂ ತಳ್ಳಿ ನೋಡ್ಲಿಲ್ಲ."

ಮೊದಲ ದಿನ ಅದನ್ನು ಗೋಡೆಗೆ ಹೇಳಿದಳಂತೆ. ಆಮೇಲೆ ಮೇಡಂ ಬೆನ್ನಿಗೆ. ಇವತ್ತು ಜೊತೆಯ ಹುಡುಗಿಯ ಮುಖಕ್ಕೆ.

"ಅಂತೂ ಮಾತಾಡಿದೆಯಲ್ಲೇ," ಎಂದೆ.

"ನಾನಲ್ಲಪ್ಪ. ಕಾವಲುಗಾರ."

ಯಾರಾದರೂ ಸರಿ, ಬಾಯಿ ಒಂದೇ ತಾನೆ. ಹೇಳಲು ಹೊರಟೆ. ಹೆಂಡತಿ ಕಣ್ಣು ಬಿಟ್ಟಳು. ನುಂಗಿಕೊಂಡೆ.

ಮಾರ್ಚ್ 8, ಶನಿವಾರ

ತಾಲೀಮಿನಲ್ಲಿ ಕಿಟಕಿಯಿಂದ ಅವಳ ಮಾತನ್ನು ನಾನೇ ಪಿಸುಗುಟ್ಟಿದೆನಂತೆ. ಪಿಸುಗುಟ್ಟಿದ್ದು ಹಿಂದಿನ ಸಾಲಿಗೂ ಕೇಳಿಸಿತಂತೆ. ಮೇಡಂ ಒಳಕ್ಕೆ ಕರೆದು ಪರದೆಯ ಹಗ್ಗ ಕೈಗಿತ್ತರು.

"ಬಾಯಿಗೆ ಕೆಲಸ ಇಲ್ಲ ಸಾರ್. ಕೈಗೆ ಕೊಡ್ತೀನಿ."

ಮಾರ್ಚ್ 29, ಶನಿವಾರ. ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಗಳ ಶಾಲೆಯ ಸಭಾಂಗಣದಲ್ಲೇ ಪ್ರದರ್ಶನ, ಜನ ಭರ್ತಿ. ಮೂರನೇ ಸಾಲಿನಲ್ಲಿ ಹೆಡ್ ಮೇಡಂ. ಎಲ್ಲ ಸರಿಯಾಗಿಯೇ ನಡೆಯಿತು. ಕಾವಲುಗಾರನ ಮಾತು ಬರಬೇಕಾದ ಜಾಗ ಬಂತು. ಮಗಳು ಈಟಿ ಹಿಡಿದು ನಿಂತಳು. ನಿಂತೇ ಇದ್ದಳು. ಯಾರೋ ಕೆಮ್ಮಿದರು. ಕುರ್ಚಿ ಕಿರುಗುಟ್ಟಿತು. ಅವಳಿಗೆ ಮಾತು ಮರೆತುಹೋಗಿದೆ ಎಂದುಕೊಂಡೆ. ಇಷ್ಟು ಜನರ ಮುಂದೆ ನನ್ನ ಮಗು... ಹಗ್ಗ ಎಳೆದುಬಿಟ್ಟೆ. ಪರದೆ ಸರ್ರನೆ ಮುಚ್ಚಿತು.

ಅವಳು ಪರದೆಯ ಆಚೆ ಉಳಿದಿದ್ದಳು, ಜನರ ಕಡೆ. ಆಮೇಲೆ, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ —

"ಅಪ್ಪಾ, ಪರದೆ ತೆಗಿ. ನಂದಿನ್ನೂ ಮುಗಿದಿಲ್ಲ."

ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ತೆಗೆದೆ. ನಗು ಪೂರ್ತಿ ಇಳಿಯುವವರೆಗೂ ಕಾದಳು. ಆಮೇಲೆ ಕಾವಲುಗಾರನ ಮಾತು ಹೇಳಿದಳು. ಕೊನೆಯ ಸಾಲಿನವರೂ ಕತ್ತು ಚಾಚಬೇಕಾಗಲಿಲ್ಲ.

"ಅವಳು ಮರೆತಿರಲಿಲ್ಲ ಸಾರ್," ಎಂದರು ನಾಟಕದ ಮೇಡಂ. "ಕೊನೆ ಕೆಮ್ಮು ನಿಲ್ಲೋತನಕ ಕಾಯಿ ಅಂದಿದ್ದೆ. ಕಾಯ್ತಾ ಇದ್ದಳು. ಕಾಯೋಕಾಗದೇ ಇದ್ದವರು ನೀವು."

ಎಂಟು ವರ್ಷ ಯಾರು ಏನು ಕೇಳಿದರೂ ಅವಳು ಬಾಯಿ ತೆರೆಯುವ ಮೊದಲೇ ನಾನು ಎಳೆದದ್ದು ಇದೇ ಹಗ್ಗವೋ ಏನೋ.

ಕಾರಿನಲ್ಲಿ ಹೆಂಡತಿ ಅತ್ತಳು. ನಗುತ್ತಲೇ ಅತ್ತಳು. "ಶಾಲೆಯವರ ಮುಂದೆ ಬಾಯಿ ಬಿಟ್ಟಿದ್ದೇ ನಿಮ್ಮನ್ನ ಬೈಯೋಕೆ ನೋಡ್ರಿ."

ಏಪ್ರಿಲ್ 10, ಗುರುವಾರ

ಮೌಖಿಕ ಪರೀಕ್ಷೆ ಆಯಿತು. ನನ್ನನ್ನು ಅರೆತೆರೆದ ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿದರು. ಐದು ಪ್ರಶ್ನೆ. ಮೂರಕ್ಕೆ ಸಣ್ಣ ದನಿಯಲ್ಲಿ ಉತ್ತರ ಹೇಳಿದಳು. ಒಂದಕ್ಕೆ ಸುಮ್ಮನಿದ್ದಳು. ಒಂದಕ್ಕೆ "ಗೊತ್ತಿಲ್ಲ ಮಿಸ್" ಎಂದಳು. ಗೊತ್ತಿಲ್ಲ ಎಂಬ ಮಾತು ಇಷ್ಟು ಇಂಪಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೆಡ್ ಮೇಡಂ ಹೊರಗೆ ಬಂದು, "ಮುಂದಿನ ಕ್ಲಾಸಿನ ಪುಸ್ತಕ ಕೊಂಡ್ಕೊಳ್ಳಿ," ಎಂದರು. ಅಷ್ಟೇ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಎದೆಯ ಮೇಲಿನ ಕಾರನ್ನು ಜ್ಯಾಕ್ ಹಾಕಿ ಎತ್ತಿದ ಹಾಗೆ.

ಏಪ್ರಿಲ್ 12, ಶನಿವಾರ. ಅಂಗಡಿ

ಕ್ಲಾಸಿಗೆ ರಜೆ. ಮಗಳೂ ಅಂಗಡಿಗೆ ಬಂದಿದ್ದಳು. ಗಿರಾಕಿಯೊಬ್ಬರು ಬೂದುಬಣ್ಣದ ಕಾರಿನ ಸುತ್ತ ಎರಡು ಸಲ ತಿರುಗಿ, ತಮಾಷೆಗೆ ಅವಳನ್ನೇ ಕೇಳಿದರು — "ಗಾಡಿ ಹೇಗಮ್ಮ?"

ನಾಲಿಗೆ ತುದಿಗೆ ಬಂದಿತ್ತು. ತಡೆದೆ. ಕಾದೆ.

"ಚೆನ್ನಾಗಿದೆ ಅಂಕಲ್," ಎಂದಳು. "ಹಿಂದಿನ ಬಾಗಿಲಿಗೆ ಒಂದ್ಸಲ ಏನೋ ಗುದ್ದಿತ್ತು. ಅಪ್ಪ ಡೆಂಟ್ ತೆಗೆಸಿ ಪೇಂಟ್ ಹೊಡೆಸಿದ್ರು."

ಗಿರಾಕಿ ನನ್ನ ಮುಖ ನೋಡಿದರು. ನಾನು ಮೇಲಿನ ಫ್ಯಾನು ನೋಡಿದೆ. ಬರುತ್ತೇನೆ ಎಂದು ಹೋದರು. ಬರುವುದಿಲ್ಲ.

ಸರಿ, ಯಾರಿಗೆ ಏನು ಸಿಕ್ಕಿತು?

ನಾಟಕದ ಮೇಡಂಗೆ — ಸಂಬಳವಿಲ್ಲದ ಪರದೆಯಾಳು. ಮುಂದಿನ ಪ್ರದರ್ಶನಕ್ಕೂ ಬನ್ನಿ ಎಂದಿದ್ದಾರೆ, ಕೈ ಸನ್ನೆ ಮಾಡಿದಾಗ ಮಾತ್ರ ಎಳೆಯಬೇಕಂತೆ.

ಹೆಡ್ ಮೇಡಂಗೆ — ಹಾಜರಿ ಕರೆದರೆ ಓಗೊಡುವ ಒಂದು ಮಗು.

ಹೆಂಡತಿಗೆ — ನಿದ್ದೆ. ಈಗೀಗ ಗೊರಕೆಯೂ.

ಆ ಗಿರಾಕಿಗೆ — ನಿಜ. ಅದೂ ಪುಕ್ಕಟೆ.

ಮಗಳಿಗೆ — ಅವಳ ದನಿ, ಅವಳದೇ ಹೊತ್ತಿಗೆ.

ನನಗೆ — ವ್ಯಾಪಾರವೊಂದು ಹೋಯಿತು. ಮತ್ತೆ...

ಇರಲಿ. ಬಾಗಿಲಲ್ಲಿ ಇನ್ನೊಬ್ಬ ಗಿರಾಕಿ ಬಂದಿದ್ದಾರೆ. ಮಗಳೇ ಎದ್ದು ಮಾತಾಡಿಸಲು ಹೊರಟಳು, ನಾನು ಪೆನ್ನಿನ ಮುಚ್ಚಳ ಹಾಕುವುದರೊಳಗೆ.