ಅಂಬೆಗಾಲು

ಮಾರ್ಚ್ 3, ಸಂಜೆ

ಮತ್ತೆ ಅದೇ ಕುರ್ಚಿ, ಅದೇ ಸ್ಕ್ರೀನ್. ಗಡಿಬೇಲಿಯ ಕ್ಯಾಮೆರಾ ರಾತ್ರಿ ಹಿಡಿದದ್ದನ್ನು ಹಗಲು ನಾವು ನೋಡಿ ಗುರುತು ಹಾಕಬೇಕು. ಮನುಷ್ಯ. ಪ್ರಾಣಿ. ಏನೂ ಇಲ್ಲ. ಹೀಗೆ ಹೇಳಿಕೊಟ್ಟರೆ ಯಂತ್ರ ಕಲಿಯುತ್ತದಂತೆ. ಕಲಿಯಿತು, ಮಣ್ಣು! ಯಾರಾದರೂ ಅಂಬೆಗಾಲಿಟ್ಟು ಬಂದರೆ ಇವತ್ತಿಗೂ ಪ್ರಾಣಿ ಅಂತಲೇ ತೋರಿಸುತ್ತದೆ. ಪ್ರಾಣಿ ಅಂದರೆ ಅಲಾರಂ ಇಲ್ಲ, ಯಾರೂ ಓಡುವುದಿಲ್ಲ.

ಕೆಮ್ಮು ಸಾಹೇಬರಿಗೆ ಹೇಳಿದೆ. ನಮ್ಮ ಮೇಲಧಿಕಾರಿ, ಕೆಮ್ಮದೆ ಮಾತು ಶುರು ಮಾಡಿದ ದಿನವಿಲ್ಲ. "ಅಂಬೆಗಾಲು ಅನ್ನೋ ಮಾತಲ್ಲೇ ಕರು ಅಂಬಾ ಅಂತಿದೆಯಲ್ಲಯ್ಯ, ಪಾಪ, ಯಂತ್ರದ್ದೇನು ತಪ್ಪು?" ಅಂದರು. ಎಲ್ಲರೂ ನಕ್ಕೆವು. ನಾನೂ.

ಮಾರ್ಚ್ 5

ಅಮ್ಮ ಇವತ್ತೂ ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರ್ ಹೊರಗೆ ಕರೆದು, "ಯಾರನ್ನಾದ್ರೂ ಕರೆಸೋದಿದ್ರೆ ಕರೆಸಿಬಿಡಿ" ಅಂದರು. ಇನ್ಯಾರನ್ನು? ಅಕ್ಕನನ್ನೇ. ಅವಳನ್ನು ಕೊಟ್ಟಿದ್ದು ಬೇಲಿಯಾಚೆ. ಆಗ ಬಸ್ಸಿತ್ತು. ಈಗ ಗೇಟಿಗೇ ಬೀಗ. ಪಾಸಿಗೆ ಹಾಕಿದ ಅರ್ಜಿ ಮತ್ತೆ ತಿರಸ್ಕಾರ.

ಅಮ್ಮ ಗೋಡೆ ಕಡೆ ಮುಖ ಮಾಡಿ ಒಂದೇ ಸಮನೆ ಅವಳ ಪುರಾಣ. "ಅಂಬೆಗಾಲೇ ಇಡ್ಲಿಲ್ಲ ಕಣೋ ಅವಳು. ನೇರ ಎದ್ದು ನಿಂತ್ಲು. ಬಿದ್ಲು, ಮತ್ತೆ ನಿಂತ್ಲು. ಹಟಮಾರಿ ಮುಂಡೇದು."

ಮಾರ್ಚ್ 6, ಮಧ್ಯಾಹ್ನ

ಅಕ್ಕನ ಫೋನ್. ಬಂದೇ ಬರುತ್ತಾಳಂತೆ, ಬೇಲಿ ಹರಿದಿರುವ ಕಡೆ ಗೊತ್ತಂತೆ. ಹುಚ್ಚಿ. ಬೇಡ ಅಂದೆ. ಕೇಳುತ್ತಾಳೆಯೇ? ನಾನು ಹುಟ್ಟಿದಾಗಿನಿಂದ ನನ್ನ ಮಾತಿಗೆ ಸೊಪ್ಪು ಹಾಕಿದವಳಲ್ಲ. ಕೊನೆಗೆ ಬಾಯಿಬಿಟ್ಟೆ… ಫೋನ್ ಮನೇಲೇ ಬಿಡು. ಅಂಬೆಗಾಲಲ್ಲಿ ಬಾ. ಯಂತ್ರ ನಿನ್ನನ್ನು ಪ್ರಾಣಿ ಅಂದುಕೊಳ್ಳುತ್ತೆ. ಏನೇ ಆಗಲಿ ಎದ್ದು ನಿಲ್ಲಬೇಡ.

"ಈ ವಯಸ್ಸಲ್ಲಿ ಅಂಬೆಗಾಲಾ! ನನ್ನ ಎಡಮಂಡಿ ಗತಿ ಏನೋ?"

"ಅಮ್ಮನ ಮೇಲೆ ಆಣೆ ಇಡು."

ನಗು ನಿಂತಿತು. "ಆಯ್ತು ಕಣೋ. ಅಮ್ಮನಾಣೆ, ಏಳಲ್ಲ. ನಾಳಿದ್ದು ರಾತ್ರಿ ಹೊರಡ್ತೀನಿ."

ಮಾರ್ಚ್ 8

ಅಮ್ಮನಿಗೆ ಹೇಳಿಬಿಟ್ಟೆ. ದಿಂಬಿಗೆ ಒರಗಿ ಕೂತು ತಲೆ ಬಾಚಿಸಿಕೊಂಡಳು. "ಒಳ್ಳೇ ಸೀರೆ ತೆಗೆಯೋ, ಇದನ್ನ ನೋಡಿದ್ರೆ ಬೈತಾಳೆ." ಎಷ್ಟು ದಿನವಾಗಿತ್ತು ಈ ಮನೆಯಲ್ಲಿ ನಗು ಕೇಳಿ.

ಮಾರ್ಚ್ 9, ಬೆಳಿಗ್ಗೆ

ಅಕ್ಕ ಇನ್ನೂ ಬಂದಿಲ್ಲ. ಮನಸ್ಸಿಲ್ಲದೆ ಆಫೀಸಿಗೆ ಬಂದೆ. ದಿಢೀರ್ ಮೀಟಿಂಗ್. ಆಚೆ ದೇಶದ ಇಂಜಿನಿಯರಮ್ಮ ಬಂದಿದ್ದರು. ಎರಡೂ ಕಡೆಯ ಸಹಕಾರವಂತೆ. ನಮ್ಮ ಕ್ಯಾಮೆರಾ, ಅವರ ಬಂದೂಕು, ನಿನ್ನೆ ಸಂಜೆಯಿಂದ ಎರಡಕ್ಕೂ ಒಂದೇ ತಂತಿ.

"ಮನುಷ್ಯ ಅಂತ ಬಂದ್ರೆ ಸಿಬ್ಬಂದಿ ಹೋಗಿ ಹಿಡೀತಾರೆ, ಅಷ್ಟೇ. ಪ್ರಾಣಿ ಅಂದ್ರೆ ಯಂತ್ರವೇ ಹೊಡೆಯುತ್ತೆ. ಹಂದಿ ರೋಗ ಹರಡ್ತಿದೆ ನೋಡಿ" ಅಂದರು.

ಎಲ್ಲರೂ ಚಪ್ಪಾಳೆ. "ಅಂಬೆಗಾಲಲ್ಲಿ ಬಂದವರು?" ಅಂತ ಕೇಳಿದೆ.

"ಅಂಬೆಗಾಲಲ್ಲಾ? ಯಾರ್ ಬರ್ತಾರೆ ಸಾರ್, ಎಳೇ ಮಕ್ಕಳಾ?"

ಕೆಮ್ಮು ಸಾಹೇಬರ ಕಡೆ ನೋಡಿದೆ. ಕೆಮ್ಮಲಿಲ್ಲ. ಕಿಟಕಿ ಕಡೆ ಮುಖ ತಿರುಗಿಸಿದರು. ಅವರಿಗೆ ಗೊತ್ತು. ನಾನೇ ಹೇಳಿದ್ದೆನಲ್ಲ.

ಅದೇ ದಿನ, ಹನ್ನೊಂದಕ್ಕೆ

ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಅಕ್ಕನ ನಂಬರಿಗೆ ಮಾಡಿದೆ. ಭಾವ ಎತ್ತಿದರು. "ರಾತ್ರೀನೇ ಹೊರಟ್ಲಲ್ಲಪ್ಪ. ಇನ್ನೂ ಬಂದಿಲ್ವಾ?"

ಬರುತ್ತಾಳೆ ಭಾವ ಅಂದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಗುರುತು ಹಾಕಲು ರಾತ್ರಿಯ ಒಂದು ಕ್ಲಿಪ್ ನನ್ನ ಸ್ಕ್ರೀನಿಗೇ ಬಂದು ಕೂತಿದೆ. ಮೊದಲ ಚಿತ್ರವಷ್ಟೇ ನೋಡಿದ್ದೇನೆ. ಕಪ್ಪು ನೆಲ, ಬಿಳಿ ಆಕಾರ, ನೆಲಕ್ಕೆ ಎರಡು ಕೈ, ಹಿಂದೆ ಎಳೆದುಕೊಂಡ ಎಡಗಾಲು. ಕೆಳಗೆ ಯಂತ್ರವೇ ಬರೆದಿದೆ — ಪ್ರಾಣಿ. ದೇವರೇ. ಒಂದು ಸಲ ಎದ್ದು ನಿಂತಿದ್ದರೆ ಸಾಕು, ಹಿಡಿದಿರುತ್ತಾರೆ. ಜೈಲಾದರೂ ಜೀವವಿರುತ್ತೆ.

ಅದೇ ದಿನ

ಜಾಗಕ್ಕೆ ಬಂದೆ. ಒತ್ತಿದೆ. ಬರುತ್ತಿದ್ದಾಳೆ… ಎಷ್ಟು ನಿಧಾನ. ಮಂಡಿ ನೋಯುತ್ತಿದೆ ಅವಳಿಗೆ. ಈಗ ತಲೆ ಎತ್ತಿ ಬೇಲಿ ಕಡೆ ನೋಡಿದಳು. ಏನೋ ಸದ್ದಾಗಿರಬೇಕು. ಹಾಗೇ ಇದ್ದಾಳೆ, ಏಳುತ್ತಿಲ್ಲ. ಆಣೆ ಹಾಕಿಸಿದವನು ನಾನೇ. ಅಕ್ಕಾ, ಜೀವಮಾನದಲ್ಲಿ ಒಂದು ದಿನ ನನ್ನ ಮಾತು ಕೇಳಿದವಳಲ್ಲ ನೀನು. ಇವತ್ತೂ ಕೇಳಬೇಡ ಕಣೇ. ಏಳೇ, ಎದ್ದು ನಿ—