ಫಕೀರವ್ವನ ಕೂಗು, ಶ್ರೀ ಜಯಕೀರ್ತಿಯವರ ಗಂಟಲು

ಗದಗ
ಫೆಬ್ರವರಿ ಮೂವತ್ತು, ೨೧೬೯

ಕಾದಂಬರಿಗಳನ್ನು ಓದಿ ಧ್ವನಿಮುದ್ರಿಸುವ ಶ್ರೀ ಜಯಕೀರ್ತಿಯವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕವು ಯಾವ ತಿಂಗಳಿಗೂ ಸೇರದ ರಜೆಗಳು. ನನ್ನ ಕೆಲವು ಶಬ್ದಗಳೂ ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಕ್ಷಮೆಯಿರಲಿ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಅದೊಂದಕ್ಕೇ.

ಇದು ನಿಮಗೆ ಹಿಂದಂಚೆಯಲ್ಲಿ ತಲುಪುತ್ತದೆ. ಕಳೆದ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಾಗೆನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ; ಉತ್ತರ ಬರುವುದಿಲ್ಲ, ಆಗಿಹೋದದ್ದು ಅದರಿಂದ ಬದಲಾಗುವುದೂ ಇಲ್ಲ. ಜನ ಅದನ್ನು ತೀರಿಹೋದ ಹಿರಿಯರಿಗೆಂದು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ನನ್ನ ತಂಗಿ ಅಪ್ಪನಿಗೆ ಬರೆದಳು. ನಾನು ನನ್ನ ಪಾಲಿನದನ್ನು ನಿಮಗೆ ಬರೆಯುತ್ತಿದ್ದೇನೆಂದು ಗೊತ್ತಾದಾಗ, "ಅಕ್ಕಾ, ನಿನಗ ತಲಿ ಕೆಟ್ಟದೇನ? ಸತ್ತು ಮಣ್ಣಾದಾವನ ಕೂಡ ಎಂಥಾ ಜಗಳ?" ಎಂದು ಬೈದಳು. ನೀವು ಮಣ್ಣಾಗಿರಬಹುದು, ನಿಮ್ಮ ದನಿ ಮಣ್ಣಾಗಿಲ್ಲ. ನನ್ನ ಜಗಳ ಅದರ ಕೂಡ.

ನಮ್ಮಲ್ಲಿ ಕಣ್ಣಿನಿಂದ ಓದುವವರು ಕಡಿಮೆ. ಬರೆದು ಮುಗಿಸಿದ ಕಾದಂಬರಿ ಕೇಳ್ಗತೆಯಾಗುತ್ತದೆ, ಅಂದರೆ ನಿಮ್ಮ ಕಾಲದ ಆಡಿಯೊಬುಕ್ಕೇ. ಸಂಜೆಯಾದರೆ ಓಣಿಯ ಜನ ರೊಟ್ಟಿಯ ಡಬ್ಬಿ ಹಿಡಿದುಕೊಂಡು ಕೇಳುಗಟ್ಟೆಗೆ ಬಂದು ಕೂಡುತ್ತಾರೆ. ಒಬ್ಬರು ಶೇಂಗಾ ಸುಲಿಯುತ್ತಾರೆ, ಒಬ್ಬರು ಕೂಸಿಗೆ ತಟ್ಟುತ್ತಾರೆ, ಕಟ್ಟೆಯ ಮೇಲಿನ ಯಂತ್ರ ಕಥೆ ಹೇಳುತ್ತದೆ. ಅದರ ದನಿ ನಿಮ್ಮದು. ನಿಮ್ಮಷ್ಟು ಪುಸ್ತಕಗಳನ್ನು ಓದಿಟ್ಟವರು ನಿಮ್ಮ ಕಾಲದಲ್ಲಿ ಮತ್ತೊಬ್ಬರಿರಲಿಲ್ಲವಂತೆ, ಹಾಗಾಗಿ ಯಂತ್ರ ನಿಮ್ಮಿಂದಲೇ ಓದಲು ಕಲಿಯಿತು. ಬರೆದದ್ದರಲ್ಲಿ ಒಂದು ಮಾತೂ ಬಿಡದು, ಒಂದೂ ಸೇರಿಸದು. ನಿಮ್ಮ ಚಟಗಳನ್ನೂ ಬಿಡದು.

ನನ್ನ ಮೊದಲ ಕಾದಂಬರಿ ಕಟ್ಟೆಗೆ ಬಂದ ಸಂಜೆ ನಾನು ಓಣಿಗೆಲ್ಲ ಪೇಢೆ ಹಂಚಿ ಮುಂದಿನ ಸಾಲಿನಲ್ಲೇ ಕೂತಿದ್ದೆ. ಪಕ್ಕದಲ್ಲಿ ಅವ್ವ. ಸುಳ್ಳು ಯಾಕೆ ಹೇಳಲಿ, ಆರಂಭದ ವರ್ಣನೆ ಓದುವಾಗ ನಿಮ್ಮ ದನಿಗೆ ನಾನು ಮರುಳಾದೆ. ಅಷ್ಟು ತುಂಬಿದ ಕಂಠ, ನಿಂತಲ್ಲೆಲ್ಲ ಅರ್ಥ. ಇದನ್ನು ಬರೆದವಳು ನಾನೇನಾ ಅಂತ ಹಿಗ್ಗಿದೆ. ಆಮೇಲೆ ಕಥೆಯಲ್ಲಿ ಅವ್ವ ಬಂದು ಬಾಯಿ ತೆರೆದಳು.

ನನ್ನ ಅವ್ವ ಫಕೀರವ್ವ ಕಪ್ಪತಗುಡ್ಡದ ಗಾಳಿಕಂಬಗಳಲ್ಲಿ ಕೂಗುವ ಕೆಲಸದವಳು. ಆ ಭಾರಿ ಫ್ಯಾನುಗಳ ಹತ್ತಿರ ಯಾವ ಫೋನೂ ನಡೆಯುವುದಿಲ್ಲ, ಬರೀ ಗೊರಗುಟ್ಟುತ್ತದೆ. ಆದ್ದರಿಂದ ಬುಡದಲ್ಲಿ ಒಬ್ಬರು ನಿಂತು, ತುದಿಯಲ್ಲಿ ರಿಪೇರಿ ಮಾಡುವವರಿಗೆ ಗಾಳಿ ತಿರುಗಿದ್ದನ್ನು ಕೂಗಿ ತಿಳಿಸಬೇಕು. ಕೂಗು ಕೇಳದಿದ್ದರೆ ಮೇಲಿದ್ದವರ ಜೀವ ಹೋಗುತ್ತದೆ. ಅವ್ವನ ದನಿ ದಪ್ಪ, ನಗಾರಿಯ ಹಾಗೆ. ಕಾದಂಬರಿ ಅವಳದೇ ಕಥೆ. ಅವಳ ಮಾತನ್ನು ಅವಳ ಬಾಯಿಂದ ಎತ್ತಿ ಹಾಗೆಯೇ ಇಟ್ಟಿದ್ದೆ.

ನೀವು ಅದನ್ನು ಹೇಗೆ ಓದಿದಿರಿ? ಹೆಣ್ಣು ಮಾತಾಡಿದ ಕೂಡಲೇ ದನಿಯನ್ನು ಹಿಂಡಿ ಸಣ್ಣ ಮಾಡಿ, ಮೂಗಿಗೆ ಏರಿಸಿ, ಪ್ರತಿ ಮಾತಿನ ಕೊನೆಯನ್ನು ಅಳುವ ಹಾಗೆ ಎಳೆದು. ನಮ್ಮ ಕಡೆಯ ಮಾತಾದರೆ ಇನ್ನಷ್ಟು ವಯ್ಯಾರ. "ಏ ಬಸ್ಯಾ, ಗಾಳಿ ತಿರುಗೇತಿ, ಇಳೀ ಕೆಳಗ" ಎಂದು ಒಬ್ಬನ ಪ್ರಾಣ ಉಳಿಸಿದ ಮಾತು ನಿಮ್ಮ ಬಾಯಲ್ಲಿ ಜಾತ್ರೆಯ ಪೀಪಿಯಾಯಿತು. ಕಟ್ಟೆ ಬಿದ್ದು ಬಿದ್ದು ನಕ್ಕಿತು. ಅವ್ವ ನನ್ನ ಕಿವಿಯಲ್ಲಿ, "ಶಾಂಭವಿ, ನಾ ಹಿಂಗ ಮಾತಾಡ್ತೀನೇನ?" ಎಂದಳು. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ.

ಮರುದಿನದಿಂದ ಓಣಿಯ ಹುಡುಗರು ಆ ಪೀಪಿ ದನಿಯಲ್ಲೇ ಅವ್ವನನ್ನು ಕರೆಯತೊಡಗಿದರು. ಕಂಬದ ಮೇಲಿನವರೂ ಅವಳ ಕೂಗಿಗೆ ಹಾಗೆಯೇ ಓಗೊಟ್ಟರು, ತಮಾಷೆಗೆ. ಅವ್ವ ಒಂದು ವಾರ ಸಹಿಸಿದಳು. ಆಮೇಲೆ ಕೂಗುವ ಕೆಲಸ ಬಿಟ್ಟು, ಕೂತು ತಂತಿ ಸುತ್ತುವ ಕೆಲಸಕ್ಕೆ ಸೇರಿದಳು. ಮನೆಯಲ್ಲೂ ದನಿ ಇಳಿಸಿದಳು. ಉಪ್ಪು ಬೇಕಾದರೆ ಕೈ ಮಾಡಿ ತೋರಿಸುತ್ತಿದ್ದಳು.

ಕೇಳ್ಗತೆಯ ಕಚೇರಿಗೆ ಹೋಗಿ ಕೂಗಾಡಿದೆ. ಅಲ್ಲಿನ ಅಧಿಕಾರಿ ಚಹಾ ಕೊಟ್ಟು, "ಆ ದನಿ ಮಂದಿಗೆ ರೂಢಿ ಆಗೇತ್ರಿ ಮೇಡಂ, ಬದಲಿ ಮಾಡಾಕ ಬರೂದಿಲ್ಲ. ನೀವ ಬ್ಯಾರೆ ಥರಾ ಬರೀರಿ" ಎಂದ. ಪುಣ್ಯಾತ್ಮ, ದಾರಿ ತೋರಿಸಿದ.

ನಿಮ್ಮ ಕೇಳ್ಗತೆಗಳನ್ನು ಹಲ್ಲು ಕಚ್ಚಿಕೊಂಡು ಮತ್ತೆ ಕೇಳಿದೆ. ಕಥೆ ಹೇಳುವವರು ಯಾರೇ ಇರಲಿ, ಅವರಿಗೆ ನೀವು ಕೊಡುವುದು ನಿಮ್ಮದೇ ಗಂಭೀರ ಕಂಠ. ಪೀಪಿ ಊದುವುದು ಕಥೆಯೊಳಗಿನ ಹೆಂಗಸರಿಗೆ ಮಾತ್ರ. ಹಾಗಾದರೆ ಕಥೆಯನ್ನು ಅವ್ವನೇ ಹೇಳಲಿ ಎಂದುಕೊಂಡೆ. ಎರಡನೆಯ ಕಾದಂಬರಿ ಮೊದಲಿನಿಂದ ಕೊನೆಯವರೆಗೆ ಅವಳದೇ ಮಾತು. ಕಟ್ಟೆಯ ಜನ ನಗಲು ಸಿದ್ಧರಾಗಿ ಕೂತಿದ್ದರು. ಯಂತ್ರ ಬಾಯಿ ತೆರೆಯಿತು: "ನಾ ಫಕೀರವ್ವ. ನನ್ನ ಕೂಗಿಗೆ ಕಪ್ಪತಗುಡ್ಡ ಓ ಅಂತಿತ್ತು." ನಿಮ್ಮ ಆ ತುಂಬು ಕಂಠದಲ್ಲಿ! ಒಬ್ಬರೂ ನಗಲಿಲ್ಲ. ಶೇಂಗಾ ಸುಲಿಯುವ ಕೈಗಳು ನಿಂತವು. ಸೀರೆ ಉಟ್ಟಿರಿ ಜಯಕೀರ್ತಿಯವರೇ, ಮುಟ್ಟಾದಿರಿ, ಗಂಡನಿಂದ ಏಟು ತಿಂದಿರಿ, ತಿರುಗಿ ಒಂದು ಕೊಟ್ಟಿರಿ. ಒಂದು ಅಧ್ಯಾಯವನ್ನು ನಿಮಗೆಂದೇ ಮೀಸಲಿಟ್ಟಿದ್ದೆ. ಅದರಲ್ಲಿ ನಿಮ್ಮದೇ ದನಿ ಹೇಳಿತು: "ಜಯಕೀರ್ತಿ ಅಂತ ಒಬ್ಬಾಂವ ಇದ್ದ. ನನ್ನ ಮಾತು ಹಾಳು ಮಾಡಿದ. ಅಂವನ ನಾಲಿಗಿ ಬಿದ್ದು ಹೋಗಲಿ." ಇವತ್ತಿಗೂ ಯಾವುದಾದರೊಂದು ಊರಿನ ಕಟ್ಟೆಯಲ್ಲಿ ನೀವು ನಿಮಗೇ ಶಾಪ ಹಾಕಿಕೊಳ್ಳುತ್ತಿರುತ್ತೀರಿ. ಅದನ್ನು ನೆನೆದರೆ ನನಗೆ ಒಳ್ಳೆಯ ನಿದ್ದೆ ಬರುತ್ತದೆ.

ಅವ್ವ ಆ ಅಧ್ಯಾಯ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ, "ಸಾಕ ಬಿಡವ್ವಾ. ಪಾಪ, ಅಂವಗ ಹೆಣಮಕ್ಕಳ ಮಾತು ಯಾರೂ ಕಲಿಸಿಲ್ಲ ಕಾಣತದ" ಎಂದಳು. ಅವಳು ನಿಮ್ಮನ್ನು ಕ್ಷಮಿಸಿದ್ದಾಳೆ, ನಿಮಗೆ ತಿಳಿದಿರಲಿ.

ನಾನೂ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಮರುದಿನ ಅವಳನ್ನು ಗುಡ್ಡಕ್ಕೆ ಕರೆದೊಯ್ದು ಕಂಬದ ಬುಡದಲ್ಲಿ ನಿಲ್ಲಿಸಿ, ಕೂಗವ್ವಾ ಎಂದೆ. ಅವಳು ಎದೆ ತುಂಬ ಉಸಿರು ಎಳೆದುಕೊಂಡು ಬಾಯಿ ತೆರೆದಳು. ಸುತ್ತ ಒಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡು, "ಗಾಳಿ ಭಾಳ ಅದ, ನಡಿ" ಎಂದಳು. ಅವತ್ತು ಎಲೆಯೂ ಅಲುಗುತ್ತಿರಲಿಲ್ಲ.

ಈ ಪತ್ರವನ್ನು ನೀವು ಯಾರದೋ ಕುಚೇಷ್ಟೆಯೆಂದು ಹರಿದು ಹಾಕಿ, ನಾಳೆ ಮತ್ತೆ ಸ್ಟುಡಿಯೋಕ್ಕೆ ಹೋಗಿ, ಯಾವಳೋ ಹೆಂಗಸು ಮಾತಾಡುವಲ್ಲಿ ಮತ್ತೆ ಮೂಗು ಹಿಂಡುತ್ತೀರಿ. ಹೋಗಿ. ಗಂಟಲನ್ನು ಚೆನ್ನಾಗಿ ನೋಡಿಕೊಳ್ಳಿ, ಬಿಸಿನೀರು ಕುಡಿಯಿರಿ. ನನಗೆ ಆ ಗಂಟಲು ಇನ್ನೂ ಬೇಕಾಗಿದೆ. ಈಗ ಬರೆಯುತ್ತಿರುವುದು ನಾನು ಹುಟ್ಟಿದ ದಿನದ ಕಥೆ, ಅದನ್ನೂ ಹೇಳುವವಳು ಅವ್ವನೇ. ಅವತ್ತು ಅವ್ವ ಹಗಲಿಡೀ ಕೂಗಿದ್ದು ಗುಡ್ಡದಾಚೆಯ ಊರಿಗೆಲ್ಲ ಕೇಳಿಸಿತ್ತಂತೆ. ಅದರಲ್ಲಿ ಒಂದು ಕೂಗನ್ನೂ ಬಿಡದೆ ಬರೆಯುತ್ತಿದ್ದೇನೆ. ಹೆರುವವರು ನೀವು.

ಶಾಂಭವಿ ಫಕೀರವ್ವ ಕೊಪ್ಪದ